ಮೊದಲ ಬುಟ್ಟಿ ಹಿಂಡಿ

ಗಾದ್ರಮ್ಮನ ಒಂಬತ್ತು ಕುರಿ ಸತ್ತಿದ್ದು ಪುಕ್ಕಟೆ ಸಿಕ್ಕ ಹಿಂಡಿಯಿಂದ. ಅದು ಗೊತ್ತಿದ್ದವನು ಜಗಳೂರು ತಾಲ್ಲೂಕಿನಲ್ಲೆಲ್ಲ ಒಬ್ಬನೇ ಒಬ್ಬ, ಹಿಂಡಿ ಕೊಟ್ಟವನು. ಅವನು ಬಾಯಿ ಬಿಡಲಿಲ್ಲ.

ಅವನ ಹೆಸರು ನಿಯಾಜ್ ಅಹಮದ್. ಊರು ದಾಟಿ ಬಸ್ಸುಗಳು ವೇಗ ಹಿಡಿಯುವ ಜಾಗದಲ್ಲಿ ಅವನ ಎಣ್ಣೆ ಗಿರಣಿ ಇದೆ. ಆ ಗಿರಣಿಯಲ್ಲಿ ಎಣ್ಣೆಗಿಂತ ಹೆಚ್ಚು ಹೆಸರು ಮಾಡಿದ್ದು ಹಿಂಡಿಯೇ. ಶೇಂಗಾದಿಂದ ಎಣ್ಣೆ ಇಳಿಸಿದ ಮೇಲೆ ಉಳಿಯುವ ಗಟ್ಟಿ ಚಕ್ಕೆಯನ್ನು ನೆನೆಸಿ ಹಾಕಿದರೆ ಬಡಕಲು ಕುರಿಯೂ ಮೈಕೈ ತುಂಬಿಕೊಳ್ಳುತ್ತದೆ. ಸುತ್ತಲಿನ ಕುರಿಹಟ್ಟಿಗಳವರು ಬೇರೆ ಕಡೆ ಅಗ್ಗಕ್ಕೆ ಸಿಕ್ಕರೂ ಇಲ್ಲಿಗೇ ಬರುತ್ತಿದ್ದರು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಬೆಳಿಗ್ಗೆ ಮಿಷನ್ ಶುರುವಾಗಿ ಮೊದಲು ಬೀಳುವ ಒಂದು ಬುಟ್ಟಿ ಹಿಂಡಿಯನ್ನು ಆ ಗಿರಣಿಯಲ್ಲಿ ಮಾರುವುದಿಲ್ಲ. ಆ ಹೊತ್ತಿಗೆ ಬಾಗಿಲಲ್ಲಿ ಬುಟ್ಟಿ ಹಿಡಿದು ಯಾರು ನಿಂತಿರುತ್ತಾರೋ ಅವರಿಗೆ ಅದು ಪುಕ್ಕಟೆ. ನಿಯಾಜನ ಅಪ್ಪ ಕೆರೆಬಿಳಚಿಯಿಂದ ಬರಿಗೈಯಲ್ಲಿ ಬಂದು ಇಲ್ಲಿ ಗಾಣ ಹಾಕಿದ ಮನುಷ್ಯ. ಮೂಕಪ್ರಾಣಿ ತಿಂದ ಮೇಲೆಯೇ ನಮ್ಮ ಮನೆಯ ಒಲೆ ಉರಿಯಬೇಕು ಎಂದು ಅವರು ಹಾಕಿಕೊಂಡ ಪದ್ಧತಿ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾದರೂ ಮಗ ಬಿಟ್ಟಿರಲಿಲ್ಲ. ಬಿಟ್ಟಿಲ್ಲವೆಂಬುದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದನ್ನೂ ಬಿಟ್ಟಿರಲಿಲ್ಲ.

ಗಿರಣಿಯಲ್ಲಿ ಎರಡು ಮಿಷನ್. ನೀಲಿ ಬಣ್ಣದ್ದು ಶೇಂಗಾಕ್ಕೆ. ಹಸಿರು ಬಣ್ಣದ್ದು ನಾಲ್ಕು ವರ್ಷದ ಹಿಂದೆ ಬಂದದ್ದು. ಅದು ಮನುಷ್ಯರು ತಿನ್ನದ ಬೀಜಗಳಿಗೆ. ಹೊನ್ನಾಳಿ ಕಡೆಯ ಒಂದು ಕಂಪನಿಯವರು ಅಂಥ ಬೀಜದ ಎಣ್ಣೆಯಿಂದ ಡೀಸೆಲ್ ಮಾಡುತ್ತಾರೆ. ನಲ್ಲೂರು, ನ್ಯಾಮತಿ ಕಡೆಯ ರಸ್ತೆಬದಿಯ ಮರಗಳಿಂದ ಹೊಂಗೆ ಬೀಜ ಮೂಟೆಯಲ್ಲಿ ಬರುತ್ತಿತ್ತು. ಜಗಳೂರಿನ ಸುತ್ತ ಹೊಲದ ಬೇಲಿಗಳಿಂದ ಕಾಡು ಹರಳು ಬರುತ್ತಿತ್ತು. ಎರಡನ್ನೂ ಅರೆದು, ಎಣ್ಣೆಯನ್ನು ಡ್ರಮ್ಮಿಗೆ ತುಂಬಿಸಿ, ಹದಿನೈದು ದಿನಕ್ಕೊಮ್ಮೆ ಬರುವ ಟ್ಯಾಂಕರಿಗೆ ಇಳಿಸಿದರೆ ಮುಗಿಯಿತು. ಬಂದವರಿಗೆಲ್ಲ ನಿಯಾಜ್ ಚಹಾ ಕೊಟ್ಟು ಭಾಷಣ ಬಿಗಿಯುತ್ತಿದ್ದ. "ಒಬ್ಬರ ಬಾಯಿಗೆ ಹೋಗೋ ಒಂದು ಕಾಳು ಮುಟ್ಟಲ್ಲ ನಾವು. ಯಾರಿಗೂ ಬ್ಯಾಡಾದ ಬೀಜದಾಗೆ ಲಾರಿ ಓಡ್ತೈತೆ. ಇದರಾಗೆ ಯಾರಿಗಾದ್ರೂ ಲುಕ್ಸಾನ್ ಐತಾ, ನೀವೇ ಹೇಳ್ರಿ."

ಲುಕ್ಸಾನ್ ಒಂದಿತ್ತು. ಕಾಡು ಹರಳಿನ ಹಿಂಡಿ ವಿಷ. ತೆಂಗು, ಅಡಿಕೆಯ ಬುಡಕ್ಕೆ ಅದು ಒಳ್ಳೆಯ ಗೊಬ್ಬರ, ದನಕುರಿಯ ಹೊಟ್ಟೆಗೆ ಹೋದರೆ ಕರುಳನ್ನೇ ಸುಡುತ್ತದೆ. ನಿಯಾಜನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೋಡೆಯ ಮೇಲೆ ಅವನೇ ಬಣ್ಣದಲ್ಲಿ ಬರೆದಿದ್ದ: ನೀಲಿ ಮಿಷನ್ನಿಗೆ ಕಾಡು ಹರಳು ಹಾಕಬಾರದು. ಆ ಗಿರಣಿಯಲ್ಲಿ ಮಿಷನ್ ನಡೆಸುವವನು ಅವನೊಬ್ಬನೇ. ಅಂದಮೇಲೆ ಆ ಬರಹ ಯಾರಿಗೆಂದು ಬರೆದನೋ ಅವನಿಗೇ ಗೊತ್ತು.

ಜೂನ್ ತಿಂಗಳ ಮೊದಲ ಮಂಗಳವಾರ ಹಸಿರು ಮಿಷನ್ನಿನ ಗೇರು ಮುರಿಯಿತು. ಇನ್ನೂ ಆರು ಚೀಲ ಕಾಡು ಹರಳು ಬಾಕಿ ಇತ್ತು. ಬುಧವಾರ ಸಂಜೆ ಟ್ಯಾಂಕರ್ ಬರುವುದಿತ್ತು. ಕಂಪನಿಯವರಿಗೆ ಇಷ್ಟು ಡ್ರಮ್ ಎಂದು ಫೋನಿನಲ್ಲಿ ಮಾತು ಕೊಟ್ಟಾಗಿತ್ತು. ದಾವಣಗೆರೆಗೆ ಹೋದ ಗೇರು ಶುಕ್ರವಾರದವರೆಗೆ ಬರುವುದಿಲ್ಲವೆಂದು ರಿಪೇರಿಯವನು ಹೇಳಿದ. ನಿಯಾಜ್ ಸ್ವಲ್ಪ ಹೊತ್ತು ಗೋಡೆಯ ಬರಹದ ಕಡೆ ಬೆನ್ನು ಮಾಡಿ ಕೂತ. ಆಮೇಲೆ ಎದ್ದು ಆರು ಚೀಲವನ್ನೂ ನೀಲಿ ಮಿಷನ್ನಿಗೆ ಸುರಿದ. ತೊಳೆದರಾಯಿತು, ಇದೇನು ಮಹಾ ಎಂದುಕೊಂಡ.

ತೊಳೆಯುವುದೆಂದರೆ ನೀರು ಹಾಕುವುದಲ್ಲ. ಮಿಷನ್ ಬಿಚ್ಚಿ ಒಳಗಿನ ಸ್ಕ್ರೂವನ್ನು ಉಜ್ಜಬೇಕು. ಮತ್ತೆ ಜೋಡಿಸಿ ಎರಡು ಬುಟ್ಟಿ ಶೇಂಗಾ ಹೊಟ್ಟು ಹಾಯಿಸಬೇಕು. ಅದಾದ ಮೇಲೂ ಮೊದಲು ಬೀಳುವ ಹಿಂಡಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಕು. ಮೂರು ಗಂಟೆಯ ಕೆಲಸ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕರೆಂಟ್ ತೆಗೆಯುತ್ತಾರೆಂದು ಸುದ್ದಿಯಿತ್ತು, ಏಳಕ್ಕೇ ಶೇಂಗಾದವರು ಬಂದು ಕೂತಿದ್ದರು. ನಿಯಾಜ್ ಮಿಷನ್ ಬಿಚ್ಚಲಿಲ್ಲ. ಒಂದು ಬುಟ್ಟಿ ಹೊಟ್ಟು ಹಾಯಿಸಿದ, ಅಷ್ಟೇ. ಆಮೇಲೆ ಶೇಂಗಾ ಸುರಿದ.

ಮೊದಲ ಚಕ್ಕೆಗಳು ಬಿದ್ದವು. ಶೇಂಗಾ ಹಿಂಡಿ ಹೊಸ ಬೆಲ್ಲದ ಬಣ್ಣದ್ದು. ಇದರ ನಡುನಡುವೆ ಕರಿಯ ಪಟ್ಟೆಗಳಿದ್ದವು. ಒಂದು ಚಕ್ಕೆಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಕಣ್ಣು ಸರಿಯಾಗಿಯೇ ನೋಡಿತು. ಇದನ್ನು ಚೀಲಕ್ಕೆ ತುಂಬಿದರೆ ಗಿರಾಕಿ ವಾಪಸ್ ತಂದು ಮುಖಕ್ಕೆ ಎಸೆಯುತ್ತಾನೆ ಎಂದು ಮನಸ್ಸು ಹೇಳಿತು. ಗುಂಡಿಗೆ ಎಸೆಯಬೇಕು ಎಂದೂ ಹೇಳಿತು. ಅಷ್ಟರಲ್ಲಿ ಬಾಗಿಲಲ್ಲಿ ಗಾದ್ರಮ್ಮ ಬುಟ್ಟಿ ಹಿಡಿದು ನಿಂತಿದ್ದಳು.

ಗಾದ್ರಮ್ಮ ಹತ್ತಿರದ ಹಟ್ಟಿಯವಳು, ಅರವತ್ತರ ಮೇಲಿನ ಹೆಂಗಸು. ಗಂಡ ಹೋದ ಮೇಲೆ ಹದಿನಾಲ್ಕು ಕುರಿ ಕಟ್ಟಿಕೊಂಡು, ಯಾರ ಹಂಗಿಲ್ಲದೆ ಬದುಕುತ್ತಿದ್ದಳು. ನಿಯಾಜನ ಅಪ್ಪನ ಕಾಲದಿಂದಲೂ ಗಿರಣಿಗೆ ಬರುವವಳು.

"ಬಂದೆ ಕಣಪ್ಪಾ ನಿಯಾಜಪ್ಪ, ಇವತ್ತು ನನ್ನ ಪಾಳಿ ಐತಾ?" ಎಂದಳು.

"ನಿಂದೇ ತಗೋ ಗಾದ್ರವ್ವ" ಎಂದು ಅವನು ಇಡೀ ಬುಟ್ಟಿಯನ್ನು ಅವಳ ಬುಟ್ಟಿಗೆ ಸುರಿದ. ಇದ್ದಕ್ಕಿದ್ದ ಹಾಗೆ ಕೈ ಧಾರಾಳವಾಗಿತ್ತು. ಎಂದಿಗಿಂತ ಎರಡು ಹಿಡಿ ಹೆಚ್ಚೇ ಹಾಕಿದ.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಎಂದು ಹರಸಿ ಅವಳು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೋದಳು. ಸ್ವಲ್ಪ ಬೆರಕೆ ಇದ್ದರೆ ಏನೂ ಆಗಲಿಕ್ಕಿಲ್ಲ ಎಂದು ನಿಯಾಜ್ ತನಗೆ ತಾನೇ ಹೇಳಿಕೊಂಡ. ಕರೆಂಟ್ ಒಂಬತ್ತಕ್ಕೆ ಸರಿಯಾಗಿ ಹೋಯಿತು, ಟ್ಯಾಂಕರ್ ಸಂಜೆಗೆ ಸರಿಯಾಗಿ ಬಂತು. ಅವತ್ತು ಎಲ್ಲವೂ ಸರಿಯಾಗಿಯೇ ನಡೆಯಿತು.

ಗಾದ್ರಮ್ಮ ಅದನ್ನು ಉಪ್ಪು, ಮೆಕ್ಕೆಜೋಳದ ನುಚ್ಚು ಬೆರೆಸಿ ನೆನೆಸಿ ಹಾಕಿದ್ದಳು. ಕುರಿಗಳು ಬೇಸಿಗೆಯ ಹಸಿವಿನಲ್ಲಿದ್ದವು, ರುಚಿಯ ವ್ಯತ್ಯಾಸ ನೋಡದೆ ನೆಕ್ಕಿ ಖಾಲಿ ಮಾಡಿದವು. ಗುರುವಾರ ಭೇದಿ ಶುರುವಾಯಿತು. ಶುಕ್ರವಾರ ನೀರಿನ ತೊಟ್ಟಿಯ ಪಕ್ಕದಲ್ಲೇ ಮೊದಲನೆಯದು ಕಾಲು ಚಾಚಿತು. ಭಾನುವಾರ ಸಂಜೆಗೆ ಒಂಬತ್ತು ಹೋಗಿದ್ದವು. ಪಶುವೈದ್ಯರು ಯಾವುದೋ ತರಬೇತಿಗೆ ಹೋಗಿದ್ದರು. ಬಿಸಿಲಿಗೆ ಇಟ್ಟುಕೊಳ್ಳುವ ಹಾಗಿರಲಿಲ್ಲವಾದ್ದರಿಂದ ಹೊಟ್ಟೆ ಕೊಯ್ದು ನೋಡುವ ಮೊದಲೇ ಹಟ್ಟಿಯವರು ಎಲ್ಲವನ್ನೂ ಹೂತುಬಿಟ್ಟರು.

ಈ ಸುದ್ದಿಯನ್ನು ಗಿರಣಿಗೆ ತಂದವನು ದೊಡ್ಡಣ್ಣ. ಹಟ್ಟಿಯ ಹಿರಿಯ, ನೂರೈವತ್ತು ಕುರಿಗಳ ಒಡೆಯ, ಅವನ ಮಾತಿಗೆ ಅಲ್ಲಿ ಎದುರಿಲ್ಲ. ಸೋಮವಾರ ಹಿಂಡಿ ಚೀಲ ಒಯ್ಯಲು ಬಂದವನು ಕಟ್ಟೆಯ ಮೇಲೆ ಕೂತು ಹೇಳಿದ. ಈಗ ಬಂತು, ಈಗ ನನ್ನ ಹೆಸರು ಬಂತು ಎಂದು ನಿಯಾಜ್ ಕಾದ.

"ಎಲ್ಲಾ ಆ ಹುಡುಗಿ ಕೆಲಸ ಸಾಬ್ರೆ" ಎಂದ ದೊಡ್ಡಣ್ಣ. "ಅರ್ಪಿತಾ. ಮಂಗಳವಾರ ಬಂದು ಸೂಜಿ ಚುಚ್ಚಿ ಹೋದ್ಲು, ಶುಕ್ರವಾರಕ್ಕೆ ಕುರಿ ಸತ್ವು. ಇನ್ನೇನು ಬೇಕು? ಸ್ವಂತ ಸೋದರತ್ತೆ ಕುರಿ ಮ್ಯಾಲೆ ಸೂಜಿ ಚುಚ್ಚೋದು ಕಲಿತಾಳೆ. ಡಬ್ಬಿ ಕಿತ್ತು ಬೀದಿಗೆ ಎಸೆದ್ವಿ. ಇನ್ನ ಮ್ಯಾಲೆ ನಮ್ಮ ಹಟ್ಟಿ ಅಷ್ಟೇ ಅಲ್ಲ, ಯಾವ ಹಟ್ಟಿಗೂ ಬರಂಗಿಲ್ಲ."

ಅರ್ಪಿತಾ ಅದೇ ಹಟ್ಟಿಯ ಇಪ್ಪತ್ತಾರರ ಹೆಣ್ಣುಮಗಳು, ಗಾದ್ರಮ್ಮನ ಅಣ್ಣನ ಮಗಳು. ತರಬೇತಿ ಪಡೆದು ಪಶುಸಖಿಯಾಗಿದ್ದಳು. ಐಸ್ ಡಬ್ಬಿಯಲ್ಲಿ ಲಸಿಕೆ ಇಟ್ಟುಕೊಂಡು ಸ್ಕೂಟಿಯಲ್ಲಿ ಹಟ್ಟಿಯಿಂದ ಹಟ್ಟಿಗೆ ತಿರುಗುವ ಕೆಲಸ. ಅವಳು ಹಾಕಿದ್ದು ಕರುಳುಬೇನೆಯ ಲಸಿಕೆ. ಮುಂಗಾರಿನ ಎಳೆ ಹುಲ್ಲು ತಿಂದು ಕುರಿಗಳು ರಾತ್ರಿ ಕಳೆಯುವುದರೊಳಗೆ ಸಾಯುವ ರೋಗ ಅದು. ಮಳೆ ಬೀಳುವ ಮೊದಲೇ ಹಾಕಬೇಕು.

ದೊಡ್ಡಣ್ಣನ ಮಾತು ಕೇಳಿ ನಿಯಾಜನಿಗೆ ಮೊದಲು ಆದದ್ದು ನೆಮ್ಮದಿ. ಹೌದು, ನೆಮ್ಮದಿ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿ ಬೇರೆಯವರ ಎದೆಯ ಮೇಲಿಟ್ಟ ಹಾಗಾಯಿತು. "ಅಯ್ಯೋ ಪಾಪ" ಎಂದ ಅವನು. ಆ ಪಾಪ ಯಾರಿಗೆಂದು ದೊಡ್ಡಣ್ಣ ಕೇಳಲಿಲ್ಲ. ಅವನು ಚೀಲ ಹೊತ್ತು ಹೋದ ಮೇಲೆ ನಿಯಾಜನಿಗೆ ತನ್ನ ನೆಮ್ಮದಿಯ ಬಗ್ಗೆಯೇ ಅಸಹ್ಯವಾಯಿತು. ಇಂಥವನೇ ನಾನು ಎಂದು ಮೊದಲ ಸಲ ಅನ್ನಿಸಿತು.

ಮರುದಿನ ಒಂದು ಚೀಲ ಒಳ್ಳೆಯ ಹಿಂಡಿ ಬೈಕಿಗೆ ಕಟ್ಟಿಕೊಂಡು ಗಾದ್ರಮ್ಮನ ಮನೆಗೆ ಹೋದ. ಹೇಳಿಬಿಡಬೇಕೆಂದೇ ಹೋಗಿದ್ದ. ಖಾಲಿಯಾದಂತಿದ್ದ ಕುರಿರೊಪ್ಪದಲ್ಲಿ ಉಳಿದ ಐದು ಕುರಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಗಾದ್ರಮ್ಮ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು. ಚೀಲ ನೋಡಿದ್ದೇ ಎರಡೂ ಕೈ ಜೋಡಿಸಿದಳು.

"ರಕ್ತ ಸಂಬಂಧದೋಳು ಕೈ ಕೊಟ್ಲು. ನೀನು ಕೈ ಬಿಡಲಿಲ್ಲ ನೋಡು. ನಿಮ್ಮಪ್ಪನ ಮಗ ಅನ್ನೋದು ಖರೇ ಮಾಡಿದೆ."

ಅವನು "ಇರ್ಲಿ ಬಿಡವ್ವ" ಎಂದಷ್ಟೇ ಹೇಳಿ ಬೈಕು ತಿರುಗಿಸಿದ. ದಾರಿಯಲ್ಲಿ ಯಾರೋ ಸಲಾಂ ಹೇಳಿದರೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಜೋಡಿಸಿದ ಕೈ ಕಣ್ಣ ಮುಂದಿಂದ ಹೋಗಲೇ ಇಲ್ಲ.

ಆಮೇಲಿನ ದಿನಗಳಲ್ಲಿ ಅವನು ಅನ್ನದ ಮುಂದೆ ಕೂತು ಏಳತೊಡಗಿದ. ನಮಾಜಿನಲ್ಲಿ ಹಿಂದಿನ ಸಾಲಿಗೆ ಸರಿದ. ಬೆಳಗಿನ ಮೊದಲ ಬುಟ್ಟಿಯನ್ನು ಎದುರಿದ್ದವರ ಮುಖ ನೋಡದೆ ಸುರಿಯುತ್ತಿದ್ದ. ಹೆಂಡತಿ ಹಜೀರಾಗೆ ಇಂಥದ್ದನ್ನು ಬಹಳ ದಿನ ಮುಚ್ಚಿಡಲಾಗದು. ಒಂದು ಮಧ್ಯಾಹ್ನ ಅವಳು ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಟ್ಟು, ಮನೆಯಲ್ಲಿ ಆಡುವ ಉರ್ದುವಿನಲ್ಲಿ ನೇರವಾಗಿ ಕೇಳಿದಳು. ಅವನು ಹೇಳಿದ, ಬಹುತೇಕ ಎಲ್ಲ. ನೀಲಿ ಮಿಷನ್ನಿಗೆ ಸುರಿದದ್ದು, ಬಿಚ್ಚದೇ ಇದ್ದದ್ದು. ಬೆಳಕಿಗೆ ಹಿಡಿದು ನೋಡಿದ್ದನ್ನು ಮಾತ್ರ ಹೇಳಲಿಲ್ಲ.

ಹಜೀರಾ "ಹೋಗಿ ಹೇಳಿ" ಎಂದಳು.

"ಹೇಳಿದರೆ ಗಿರಣಿ ಮುಚ್ಚಬೇಕಾಗುತ್ತೆ. ಸಾಬರ ಹಿಂಡಿ ವಿಷ ಅಂತ ಒಬ್ಬ ಅಂದರೆ ಸಾಕು, ನಾಳೆ ತಾಲ್ಲೂಕೇ ಅನ್ನುತ್ತೆ. ಕಾಲ ಹೇಗಿದೆ ಗೊತ್ತಿಲ್ಲವಾ ನಿನಗೆ?"

"ಗೊತ್ತಿದೆ. ನನಗೂ ಭಯ ಇದೆ. ಆದರೆ ಆ ಹುಡುಗಿಗೆ ಏನು ಅಂತಿದ್ದಾರೆ ಅಂತಲೂ ಗೊತ್ತಿದೆ. ನೀವು ಸುಮ್ಮನಿದ್ದಷ್ಟು ದಿನ ಅವಳನ್ನು ಬೈಯುವವರಲ್ಲಿ ನೀವೂ ಒಬ್ಬರು."

ಅವನು ಎದ್ದು ಗಿರಣಿಗೆ ಹೋದ. ಅವಳು ಹೇಳಿದ್ದು ಸುಳ್ಳಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ಸುಮ್ಮನೆ ಖಾಲಿ ಚೀಲಗಳನ್ನು ಮಡಿಸಿ ಬಿಚ್ಚಿ, ಮತ್ತೆ ಮಡಿಸುತ್ತ ಕೂತ. ಇನ್ನೆರಡು ದಿನ ನೋಡೋಣ ಎಂದುಕೊಂಡ. ಜನ ಮರೆಯಬಹುದು ಎಂದುಕೊಂಡ.

ಜನ ಮರೆಯುವ ಮೊದಲೇ ಮಳೆ ಬಂತು. ಜಗಳೂರಿಗೆ ಮಳೆಯೆಂದರೆ ಹಬ್ಬ, ಎಲ್ಲರೂ ಬಾಗಿಲಿಗೆ ಬಂದು ನಿಂತು ನೋಡಿದರು. ನಿಯಾಜ್ ಒಬ್ಬನೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ನಾಲ್ಕೈದು ದಿನದಲ್ಲಿ ಬೀಳುಗಳ ಮೇಲೆ ಎಳೆ ಹುಲ್ಲು ಹಸಿರಾಡಿತು. ಹತ್ತು ತಿಂಗಳು ಒಣ ಕಡ್ಡಿ ಅಗಿದ ಕುರಿಗಳು ಅದಕ್ಕೆ ಮುಗಿಬಿದ್ದವು. ಅದರ ಮರುವಾರ ಪಕ್ಕದ ಹಟ್ಟಿಯ ಮೂಕಪ್ಪನ ರೊಪ್ಪದಲ್ಲಿ ಬೆಳಗಾಗುವಷ್ಟರಲ್ಲಿ ಆರು ಕುರಿ ಸತ್ತು ಬಿದ್ದಿದ್ದವು. ಎಲ್ಲವೂ ದಷ್ಟಪುಷ್ಟ ಕುರಿಗಳು. ಗಾದ್ರಮ್ಮನ ಕುರಿಗಳ ಸುದ್ದಿ ಕೇಳಿ ಲಸಿಕೆ ಬೇಡವೆಂದು ಬಾಗಿಲು ಹಾಕಿಕೊಂಡವರಲ್ಲಿ ಮೂಕಪ್ಪ ಮೊದಲಿಗ.

ಅವತ್ತು ಮಧ್ಯಾಹ್ನ ಅರ್ಪಿತಾಳೇ ಗಿರಣಿಗೆ ಬಂದಳು. ಮುಖ ಬಾಡಿತ್ತು, ಐಸ್ ಡಬ್ಬಿಯ ಹಿಡಿಕೆ ಮುರಿದಿತ್ತು, ಅದಕ್ಕೆ ಹಗ್ಗ ಕಟ್ಟಿಕೊಂಡಿದ್ದಳು. ಕೂರು ಎಂದರೂ ಕೂರಲಿಲ್ಲ.

"ನಿಯಾಜಣ್ಣ, ಮೂಕಪ್ಪಜ್ಜನ ಕುರಿ ಹೋದ್ವು. ಕರುಳುಬೇನೆ ಅದು. ಇನ್ನೂ ಹುಲ್ಲು ಬರಾದೈತೆ, ನಮ್ಮ ಹಟ್ಟಿ ಒಂದರಾಗೇ ಆರುನೂರು ಕುರಿ ಅದಾವೆ. ಇವತ್ತು ನಾಳೆ ಹಾಕಿದ್ರೆ ಉಳಿದವಾದ್ರೂ ಉಳಿತಾವೆ. ನನ್ನ ಮಾತು ಯಾರೂ ಕೇಳಲ್ಲ. ನಿಮ್ಮ ಮಾತು ಕೇಳ್ತಾರೆ. ನೀವೊಂದು ಸಲ ಬಂದು, ಸೂಜಿಯಿಂದ ಸಾಯಲ್ಲ ಅಂತ ಹೇಳ್ರಿ."

"ನಾನು ಹೇಳಿದ್ರೆ..." ಎಂದು ಅವನು ಗೋಡೆಯ ಬರಹದ ಕಡೆ ನೋಡಿದ.

"ಎಷ್ಟು ಯೋಚನೆ ಮಾಡಿದ್ರೂ ನಂಗೂ ಗೊತ್ತಾಗವಲ್ದು" ಎಂದಳು ಅರ್ಪಿತಾ. ಅವಳ ದನಿ ಸಣ್ಣದಾಯಿತು. "ಅದೇ ಬಾಟ್ಲಿ ಔಷಧಿ ದೊಡ್ಡಣ್ಣಜ್ಜನ ನಲವತ್ತು ಕುರಿಗೂ ಅವತ್ತೇ ಹಾಕಿದ್ದೆ. ಒಂದಕ್ಕೂ ಏನೂ ಆಗಿಲ್ಲ. ಅತ್ತೆ ಕುರಿ ಏನು ತಿಂದ್ವು ಅಂತ ಕೇಳಿದ್ರೆ, ನಿಯಾಜಪ್ಪನ ಹಿಂಡಿ ಬಿಟ್ರೆ ಏನಿಲ್ಲ ಅಂತಾಳೆ. ನಿಮ್ಮ ಹಿಂಡಿ ಮ್ಯಾಲೆ ಯಾರಿಗೂ ಅನುಮಾನ ಇಲ್ಲ, ನಂಗೂ ಇಲ್ಲ. ನನ್ನ ಕೈಯಾಗೇ ಏನೋ ತಪ್ಪಾಗಿರ್ಬೇಕು. ಆ ಒಂಬತ್ತೂ ನನ್ನ ಕೈಯಾಗೇ ಹೋದ್ವು ಅಂತ ನಾನೇ ಅಂದ್ಕಂಡೀನಿ. ಸೋಮವಾರ ಈ ಡಬ್ಬಿ ಆಫೀಸಿಗೆ ಒಪ್ಪಿಸ್ತೀನಿ. ಅದಕ್ಕೆ ಮುಂಚೆ ಉಳಿದ ಕುರಿಗಾದ್ರೂ ಹಾಕಿ ಹೋಗ್ತೀನಿ."

ಊರಿನವರ ಬೈಗುಳ ಅವಳ ಕಿವಿಗಷ್ಟೇ ಹೋಗಿದೆ ಎಂದು ನಿಯಾಜ್ ಇಷ್ಟು ದಿನ ಅಂದುಕೊಂಡಿದ್ದ. ಅವಳು ಅದನ್ನು ನಂಬಿಬಿಟ್ಟಿದ್ದಳು. ಅವನ ತಪ್ಪನ್ನು ತನ್ನದೆಂದು ಹೊತ್ತುಕೊಂಡು, ಅವನ ಮುಂದೆಯೇ ನಿಂತು, ಅವನ ಸಹಾಯ ಬೇಡುತ್ತಿದ್ದಳು. ನಿಯಾಜ್ ಮಿಷನ್ ಆಫ್ ಮಾಡಿದ. ಅಂಗಿ ಬದಲಾಯಿಸಲೂ ಇಲ್ಲ.

"ನಡಿಯಮ್ಮ" ಎಂದ.

ಹಟ್ಟಿಯ ನಡುವಿನ ಬೇವಿನ ಕಟ್ಟೆಯ ಬಳಿ ಜನ ಸೇರಿದರು. ದೊಡ್ಡಣ್ಣ ಕಟ್ಟೆಯ ಮೇಲೆ ಕೂತಿದ್ದ. ಮೂಕಪ್ಪನ ಸುದ್ದಿಯಿಂದ ಎಲ್ಲರ ಮುಖವೂ ಕಳೆಗುಂದಿತ್ತು. ಗಾದ್ರಮ್ಮ ತನ್ನ ಐದು ಕುರಿಗಳನ್ನು ಬಿಟ್ಟು ಬರಲು ಧೈರ್ಯವಾಗದೆ ಅವುಗಳನ್ನೂ ಹೊಡೆದುಕೊಂಡೇ ಬಂದಿದ್ದಳು. ಅರ್ಪಿತಾ ಡಬ್ಬಿ ಹಿಡಿದು ದೂರ ನಿಂತಳು. ಅತ್ತೆ ಸೊಸೆಯ ಕಡೆ ನೋಡಲಿಲ್ಲ.

ನಿಯಾಜ್ ಮುಂದೆ ಬಂದು ನಿಂತ. ಪೀಠಿಕೆ ಹಾಕಲು ಹೋದರೆ ತಪ್ಪಿಸಿಕೊಳ್ಳುತ್ತೇನೆಂದು ಗೊತ್ತಿದ್ದರಿಂದ ನೇರ ಹೇಳಿದ. "ಗಾದ್ರವ್ವನ ಕುರಿ ಸೂಜಿಯಿಂದ ಸತ್ತಿಲ್ಲ. ನನ್ನ ಹಿಂಡಿಯಿಂದ ಸತ್ವು. ಹಿಂದಿನ ದಿನ ಅದೇ ಮಿಷನ್ನಿಗೆ ಕಾಡು ಹರಳು ಹಾಕಿದ್ದೆ. ಸರಿಯಾಗಿ ತೊಳಿಲಿಲ್ಲ. ಅದು ಬೆರೆತು ಬಂತು. ನಂಗೆ ಗೊತ್ತಾಗಲಿಲ್ಲ. ತಪ್ಪಾಯ್ತು."

ದೊಡ್ಡಣ್ಣ ನಕ್ಕ. ಸಿಟ್ಟಿನ ನಗೆಯಲ್ಲ, ಮೆಚ್ಚುಗೆಯ ನಗೆ.

"ನೋಡ್ರಪ್ಪ, ದೊಡ್ಡ ಮನಸ್ಸು ಅಂದ್ರೆ ಇದು. ಒಂದು ಹೆಣ್ಣುಮಗಳ ಮಾನ ಉಳಿಸಾಕೆ ತಮ್ಮ ಮ್ಯಾಲೆ ಹಾಕ್ಕಂತಾ ಅದಾರೆ. ಬ್ಯಾಡ್ರಿ ಸಾಬ್ರೆ. ನಿಮ್ಮ ತಂದೆ ಕಾಲದಿಂದ ತಿಂದಿರೋ ಹಿಂಡಿ ಅದು."

"ಇಲ್ಲ ದೊಡ್ಡಣ್ಣ, ಖರೇ ಹೇಳ್ತೀನಿ."

"ಖರೇ ಆಗಿದ್ರೆ ಒಂದು ಕೇಳ್ತೀನಿ. ಕಾಡು ಹರಳಿನ ಹಿಂಡಿ ಕರ್ರಗೆ ಇರ್ತೈತೆ. ನಿಮ್ಮ ಗಿರಣಿ ಹಿತ್ತಲಾಗೆ ರಾಶಿ ಬಿದ್ದಿರೋದು ನಾವೂ ನೋಡೀವಿ. ಶೇಂಗಾದಾಗೆ ಬೆರೆತ್ರೆ ಕುರುಡನಿಗೂ ಕಾಣ್ತೈತೆ. ನಿಮ್ಮಂಥ ಕಸುಬಿನೋರಿಗೆ ಕಾಣಲಿಲ್ಲ ಅಂದ್ರೆ ನಾವು ನಂಬಬೇಕಾ?"

ಜನ ತಲೆದೂಗಿದರು. ಸಾಬರದು ಬಂಗಾರದಂಥ ಗುಣ ಎಂದು ಯಾರೋ ಹಿಂದಿನಿಂದ ಅಂದರು. ಬೇಡವೆಂದು ಹೇಳಿದ ಮರ್ಯಾದೆ ಹಿಂತಿರುಗಿ ಬಂದು ಅವನ ಮಡಿಲಿಗೇ ಬೀಳುತ್ತಿತ್ತು. ಇಲ್ಲಿಗೆ ನಿಲ್ಲಿಸಿ ಮನೆಗೆ ಹೋಗಬಹುದಿತ್ತು. ಹೇಳಿದೆ, ಅವರೇ ನಂಬಲಿಲ್ಲ ಎಂದು ಹಜೀರಾಗೂ ಹೇಳಬಹುದಿತ್ತು, ದೇವರಿಗೂ ಹೇಳಬಹುದಿತ್ತು. ಅವನು ಅರ್ಪಿತಾಳ ಕಡೆ ನೋಡಿದ. ಅವಳೂ ಅದನ್ನೇ ನಂಬಿದ್ದಳು. ಅವಳ ಕಣ್ಣಲ್ಲಿ ಕೃತಜ್ಞತೆ ತುಂಬಿತ್ತು.

ಅವರೆಲ್ಲ ನಂಬದೇ ಇದ್ದದ್ದು ಸರಿಯೇ. ಅವನು ಹೇಳಿದ್ದರಲ್ಲಿ ಒಂದು ಮಾತು ಸುಳ್ಳಿತ್ತು, ಅದೊಂದರಿಂದಲೇ ಇಡೀ ನಿಜವೂ ಸುಳ್ಳಿನ ಹಾಗೆ ಕೇಳಿಸುತ್ತಿತ್ತು.

"ಕಾಣ್ತು" ಎಂದ ನಿಯಾಜ್.

"ಏನು?"

"ಕಣ್ಣಿಗೆ ಕಾಣ್ತು ದೊಡ್ಡಣ್ಣ. ಒಂದು ಚಕ್ಕೆ ಎತ್ತಿ ಬೆಳಕಿಗೆ ಹಿಡಿದು ನೋಡಿದ್ದೆ. ಕರಿ ಪಟ್ಟೆ ಇದ್ವು."

ದೊಡ್ಡಣ್ಣನ ನಗು ನಿಂತಿತು. "ನೋಡಿ ಯಾಕೆ ಕೊಟ್ರಿ?"

"ಮಾರಾಕೆ ಬರ್ತಿರಲಿಲ್ಲ. ಎಸೆಯಾಕೆ ಮನಸ್ಸಾಗಲಿಲ್ಲ. ಗಾದ್ರವ್ವ ಬುಟ್ಟಿ ಹಿಡ್ಕಂಡು ನಿಂತಿದ್ಲು. ಹೆಂಗೂ ಪುಕ್ಕಟೆ ಕೊಡೋದಲ್ವಾ ಅಂತ ಕೊಟ್ಟೆ."

ಈಗ ಎಲ್ಲರೂ ನಂಬಿದರು. ಯಾವ ಮನುಷ್ಯನೂ ಬೇರೆಯವರ ಮಾನ ಉಳಿಸಲು ತನ್ನ ಮೇಲೆ ಇಂಥ ಮಾತು ಹೊರಿಸಿಕೊಳ್ಳುವುದಿಲ್ಲ. ಹಿಂದಿನಿಂದ ಒಬ್ಬ ಕೆಟ್ಟದಾಗಿ ಬೈದ. ಇನ್ನೊಬ್ಬ ಮುಂದೆ ನುಗ್ಗಿ ಬಂದ, ದೊಡ್ಡಣ್ಣ ಕೈ ಅಡ್ಡ ಹಿಡಿದು ತಡೆದ. ಆದರೆ ದೊಡ್ಡಣ್ಣನೂ ಇವನ ಮುಖ ನೋಡಲಿಲ್ಲ. ಅರ್ಪಿತಾ ಡಬ್ಬಿಯನ್ನು ನೆಲಕ್ಕಿಟ್ಟು ಅದರ ಮೇಲೆಯೇ ಕುಸಿದು ಕೂತಳು. ಎರಡೂ ಕೈಗಳನ್ನು ಮುಂದೆ ಹಿಡಿದು, ಈಗಷ್ಟೇ ಯಾರೋ ಕೊಟ್ಟ ಹಾಗೆ, ಅವನ್ನೇ ನೋಡಿಕೊಂಡಳು. ಆಮೇಲೆ ಸದ್ದಿಲ್ಲದೆ ಅತ್ತಳು.

ಗಾದ್ರಮ್ಮ ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಿಯಾಜ್ ಕಾದ. ಅದಕ್ಕಾಗಿಯೇ ತಲೆ ಬಗ್ಗಿಸಿ ನಿಂತಿದ್ದ. ಅವಳು ಹತ್ತಿರ ಬಂದು, ಮೆಲ್ಲಗೆ, ಅಷ್ಟು ಜನರ ನಡುವೆ ಅವನೊಬ್ಬನನ್ನೇ ಕೇಳುವ ಹಾಗೆ ಕೇಳಿದಳು.

"ನಿಯಾಜಪ್ಪ, ಇಷ್ಟು ವರ್ಷ ಕೊಟ್ಟಿದ್ದು?"

ಅವನಿಗೆ ತಟ್ಟನೆ ಅರ್ಥವಾಗಲಿಲ್ಲ.

"ಇಷ್ಟು ವರ್ಷ ಮೊದಲನೆ ಬುಟ್ಟಿ ಅಂತ ನಮಗೆಲ್ಲ ಕೊಟ್ಟೆಯಲ್ಲಪ್ಪ, ಅದು? ಅದೂ ಮಾರಾಕೆ ಬರದಿದ್ದದ್ದೇನು?"

ಇಲ್ಲವ್ವ ಎಂದುಬಿಡಲು ಬಾಯಿ ತೆರೆದ. ಅಪ್ಪನ ಕಾಲದಲ್ಲಿ ಮಿಷನ್ ಕಾದು, ಹಿಂಡಿ ಹದಕ್ಕೆ ಬಂದ ಮೇಲೆ ಬಿದ್ದದ್ದನ್ನೇ ಮೊದಲ ಬುಟ್ಟಿ ಎನ್ನುತ್ತಿದ್ದರು. ಇವನ ಕೈಗೆ ಬಂದ ಮೇಲೆ ಅದು ಯಾವಾಗ ಬದಲಾಯಿತೋ ಅವನಿಗೂ ನೆನಪಿಲ್ಲ. ಮಿಷನ್ ತಣ್ಣಗಿರುವಾಗ ಮೊದಲು ಬೀಳುವುದು ಪುಡಿಪುಡಿಯಾಗಿರುತ್ತದೆ, ಸೀದಿರುತ್ತದೆ, ಒಮ್ಮೊಮ್ಮೆ ಮಣ್ಣು ಸೇರಿರುತ್ತದೆ. ಚೀಲಕ್ಕೆ ಹಾಕಿದರೆ ಗಿರಾಕಿ ಗೊಣಗುತ್ತಾನೆ. ಅದನ್ನೇ ಎತ್ತಿ ಬಾಗಿಲಲ್ಲಿ ನಿಂತವರಿಗೆ ಸುರಿದು ಹರಕೆ ಕೇಳಿಸಿಕೊಂಡಿದ್ದ, ಹದಿನಾಲ್ಕು ವರ್ಷ. ಇದನ್ನು ಅವನು ತನ್ನೊಳಗೂ ಒಮ್ಮೆ ಕೇಳಿಕೊಂಡಿರಲಿಲ್ಲ.

"ಅಪ್ಪ ಕೊಟ್ಟಿದ್ದು ಚೊಲೋದಿತ್ತು ಗಾದ್ರವ್ವ" ಎಂದ.

ಗಾದ್ರಮ್ಮ ತಲೆಯಾಡಿಸಿದಳು, ಒಂದು ಲೆಕ್ಕ ತಿಳಿಯಿತು ಎನ್ನುವ ಹಾಗೆ. ಆಮೇಲೆ ತಿರುಗಿ ಸೊಸೆಯ ಹತ್ತಿರ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟಳು.

"ಏಳವ್ವ. ಮೂರು ವಾರಕ್ಕೆ ಎರಡನೇ ಸೂಜಿ ಹಾಕಬೇಕು ಅಂದಿದ್ದೆಯಲ್ಲ, ಹೊತ್ತಾತು. ನನ್ನವಕ್ಕೇ ಮೊದಲು ಹಾಕು."

ಅರ್ಪಿತಾ ಕಣ್ಣು ಒರೆಸಿಕೊಂಡು ಡಬ್ಬಿ ತೆರೆದಳು. ದೊಡ್ಡಣ್ಣ ಕಟ್ಟೆಯಿಂದ ಇಳಿದು, ಯಾರೂ ಹೇಳದೆಯೇ, ತನ್ನ ಉಳಿದ ಮಂದೆ ತರಲು ಹೊರಟ. ಹಿಂದೆಯೇ ಉಳಿದವರೂ ಹೋದರು. ಮೊದಲನೇ ಕುರಿ ಸೂಜಿ ಕಂಡು ಕಾಲು ಝಾಡಿಸಿತು. ಹತ್ತಿರದಲ್ಲಿ ನಿಂತಿದ್ದವನು ನಿಯಾಜ್ ಒಬ್ಬನೇ. ಅದರ ಕೊರಳು ಹಿಡಿಯಲು ಅವನು ಬಗ್ಗಿ ಕೈ ಚಾಚಿದ.

ಗಾದ್ರಮ್ಮ ನಡುವೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡಪ್ಪ. ನನ್ನ ಕುರಿ ನಾನೇ ಹಿಡ್ಕಂತೀನಿ" ಎಂದಳು. ಮೊಣಕಾಲೂರಿ ಕುರಿಯನ್ನು ಎದೆಗೆ ಅವುಚಿಕೊಂಡಳು, ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.